‘ಇನ್ನೂ ಆಗಿಲ್ಲ’ ಅಂದ ನಾಗಮಣಿ ಅಕ್ಕ

ಹೊಸ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದಾಗ ಥರ್ಮಾಕೋಲಿನ ಒಂದು ವಾಸನೆ ಬರುತ್ತದಲ್ಲ, ನಿಮಗೂ ಗೊತ್ತಿರಬೇಕು. ಮೊನ್ನೆ ತಾಳವಾಡಿಯ ಅಂಗಡಿಯಲ್ಲಿ ಅದನ್ನೇ ಮೂಸುತ್ತ ನಿಂತಿದ್ದೆ. ನಮ್ಮ ಶಾಲೆಗೊಂದು ಕಂಪ್ಯೂಟರ್ ಬೇಕಿತ್ತು. ಮೇಷ್ಟ್ರುಗಳ ಪೈಕಿ ಎಲ್ಲ ಬಲ್ಲವನಂತೆ ಮಾತಾಡುವವನು ನಾನೇ ಆದ್ದರಿಂದ ನನ್ನನ್ನೇ ಕಳಿಸಿದ್ದರು. ಒಳಗೆ ಯಾವ ಚಿಪ್ ಇದೆ ಎಂದು ಗತ್ತಿನಿಂದ ಕೇಳಿದೆ. ಅಂಗಡಿಯವನು ಕಂಪನಿಯ ಹೆಸರು ಹೇಳಿ, "ಇದು ಬ್ಯಾಡಿ ಸಾರ್, ಬೇರೇದು ತಕ್ಕೊಳಿ. ಆ ಕಂಪನಿ ಕಾಲ ಮುಗೀತು" ಅಂದ.

ನನ್ನ ಕಿವಿ ಬಿಸಿಯಾಯಿತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಿಂದ. ಅದೇ ಮಾತನ್ನು ಒಮ್ಮೆ ನಾನೂ ಆಡಿದ್ದೆ, ಅದೂ ಆ ಕಂಪನಿಯಲ್ಲೇ ಜೀವ ತೇಯುತ್ತಿದ್ದವಳ ಎದುರಿಗೆ.

ಅವಳು ನಾಗಮಣಿ ಅಕ್ಕ, ದೊಡ್ಡಗಾಜನೂರಿನ ನಮ್ಮ ದೊಡ್ಡಪ್ಪನ ಮಗಳು. ಕೊಯಮತ್ತೂರಿನಲ್ಲಿ ಓದಿ ಆ ಕಂಪನಿಯ ಲ್ಯಾಬಿಗೆ ಸೇರಿದಾಗ, ಜಗತ್ತಿನ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಅವರ ಚಿಪ್ಪಿನಿಂದಲೇ ನಡೆಯುತ್ತಿದ್ದವು. ಚಿಪ್ ಕಂಪನಿ ಅಂದದ್ದಕ್ಕೆ ದೊಡ್ಡಮ್ಮ, "ಆಲೂಗೆಡ್ಡೆದಾ, ಬಾಳೇಕಾಯ್ದಾ?" ಅಂದಿದ್ದಳು. ನಮ್ಮ ಕಡೆ ಎರಡನ್ನೂ ಬೆಳೆಯುತ್ತೇವೆ, ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಕ್ಕ ಉಗುರಿನಷ್ಟಗಲದ ಒಂದು ಕೆಟ್ಟ ಚಿಪ್ಪನ್ನು ತಂದು ತಾಯಿಯ ಅಂಗೈಯಲ್ಲಿಟ್ಟು, "ಇದ್ರಲ್ಲಿ ಎಲ್ಲಿ ತಪ್ಪಯ್ತೆ ಅಂತ ಉಡ್ಕೋದೇ ನನ್ ಕೆಲ್ಸ ಕಣವ್ವ" ಅಂದಳು. ಮಗಳ ಕೆಲಸವೇ ತಪ್ಪು ಹುಡುಕುವುದು ಎಂದು ದೊಡ್ಡಮ್ಮ ಬೀದಿಗೆಲ್ಲ ಸಾರಿದಾಗ, "ಅದು ಅವಳು ಚಿಕ್ಕವಳಿದ್ದಾಗ್ಲಿಂದ್ಲೂ ಗೊತ್ತು ಬುಡವ್ವ" ಅಂದರಂತೆ ಬೀದಿಯವರು.

ಫೋನುಗಳ ಕಾಲ ಬಂತು. ಅದೇನು ಸಣ್ಣ ವ್ಯಾಪಾರ ಎಂದು ಕಂಪನಿ ಸುಮ್ಮನಿತ್ತು. ಆಮೇಲೆ ಇನ್ನೂ ಸೂಕ್ಷ್ಮವಾದ ಚಿಪ್ ಮಾಡುವ ವಿಧಾನದಲ್ಲಿ ಎಡವಿತು, ಹಿಂದಿದ್ದವರೆಲ್ಲ ಮುಂದೆ ಹೋದರು. ಅವಸರಕ್ಕೆ ಬಿದ್ದು ಒಂದು ಹೊಸ ಚಿಪ್ಪನ್ನು ಮಾರಾಟಕ್ಕೆ ಬಿಡಲು ದಿನ ಗೊತ್ತು ಮಾಡಿದಾಗ, ಅಕ್ಕ ತುಂಬಿದ ಸಭೆಯಲ್ಲಿ ಎದ್ದು ನಿಂತು, ‘ಇನ್ನೂ ಆಗಿಲ್ಲ’ ಅಂದಳಂತೆ. ಬಿಸಿಯಾದರೆ ಆ ಚಿಪ್ ಲೆಕ್ಕ ತಪ್ಪುತ್ತಿತ್ತು. ಕಂಪನಿಯ ಮೇಲಿನವರು ತಲೆಯಾಡಿಸಿದರು, ದಿನ ಮಾತ್ರ ಬದಲಾಗಲಿಲ್ಲ. ಹೊರಬಂದ ಚಿಪ್ಪುಗಳು ದೂರು ಹೊತ್ತು ವಾಪಸ್ಸು ಬಂದವು. ಹಿಂದೆಯೇ ಕೆಲಸದಿಂದ ತೆಗೆಯುವ ಪಟ್ಟಿಗಳು ಬಂದವು. ಅಕ್ಕ ಉಳಿದಳು, ಅವಳ ಸುತ್ತ ಅರ್ಧ ಕುರ್ಚಿಗಳು ಖಾಲಿಯಾದವು.

ಆ ವರ್ಷ ಊರಿಗೆ ಬಂದಿದ್ದಳು. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಎದುರಾಳಿ ಕಂಪನಿಯೊಂದು ಅವಳನ್ನು ಕರೆಯುತ್ತಿತ್ತು. ನಾಲ್ಕು ಪತ್ರಿಕೆ ಓದಿಕೊಂಡಿದ್ದ ನಾನು ತೀರ್ಪು ಕೊಟ್ಟೆ: "ಅದು ಮುಗಿದ್ ಕಂಪನಿ ಅಕ್ಕ. ಬುಟ್ಬುಡು."

"ಅವನು ಯೋಳೋದು ಸರಿ ಕಣವ್ವ, ಕರೆಯೋರ ತಾವ್ಕೆ ಓಗು" ಅಂದರು ದೊಡ್ಡಪ್ಪ.

ಅಕ್ಕನ ಕೈ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅವತ್ತು ನಾನು ಯೋಳ್ದೆ, ಯಾರೂ ಕೇಳ್ನಿಲ್ಲ. ಈಗ ಮೇಲ್ಗಡೆ ಒಸಬ್ರು ಬಂದವ್ರೆ, ಏನ್ ತಪ್ಪಾಯ್ತು ಯೋಳು ಅಂತಾವ್ರೆ. ಕೇಳೋರು ಬಂದಾಗ ನಾನು ಎದ್ದೋಗ್ಲಾ ಅಪ್ಪ?"

ಇದು ಹಠ ಅಂದೆ. ಹೌದು ಅಂದಳು.

ಮೂರು ವರ್ಷ ಅವಳು ಊರಿಗೆ ಬಂದದ್ದೇ ಕಡಿಮೆ. ಮತ್ತೊಂದು ಹೊಸ ಚಿಪ್, ಮತ್ತೆ ದಿನ ಗೊತ್ತಾಯಿತು, ಮತ್ತೆ ಅಕ್ಕ ಎದ್ದು ‘ಇನ್ನೂ ಆಗಿಲ್ಲ’ ಅಂದಳು. ಈ ಸಲ ಕಂಪನಿಯ ಹೊಸ ಮುಖ್ಯಸ್ಥೆ ಪೆನ್ನು ಕೆಳಗಿಟ್ಟು, ಎಷ್ಟು ದಿನ ಬೇಕು ಎಂದು ಕೇಳಿದರಂತೆ. ಗೊತ್ತಾದ ದಿನ ಮುಂದಕ್ಕೆ ಹೋಯಿತು. ತಡವಾಗಿ ಬಂದ ಆ ಚಿಪ್ ವಾಪಸ್ಸು ಬರಲಿಲ್ಲ. ಬಿಟ್ಟುಹೋಗಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ವಿಚಾರಿಸತೊಡಗಿದ್ದಾರೆ. ಕಂಪನಿ ಹಳೆಯ ಎತ್ತರಕ್ಕೆ ಏರಿಲ್ಲ, ಏರೀತೋ ಇಲ್ಲವೋ ಗೊತ್ತಿಲ್ಲ. ನಮ್ಮ ದೊಡ್ಡಪ್ಪ ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರನ್ನೂ ನಿಲ್ಲಿಸಿ ಹೇಳುತ್ತಾರೆ: "ನನ್ ಮಗಳು ನಿಲ್ಲು ಅಂದ್ರೆ ಅಷ್ಟು ದೊಡ್ ಕಂಪನಿ ನಿಲ್ತದೆ ಕಣಪ್ಪ!"

ಅಂಗಡಿಯವನ ಮಾತು ಕೇಳದೆ ಆ ಚಿಪ್ ಇದ್ದದ್ದನ್ನೇ ಕಟ್ಟಿಸಿಕೊಂಡು ಹೊರಗೆ ಬಂದೆ. ಬಂದವನೇ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ಅವತ್ತು ಮುಗಿದ್ ಕಂಪನಿ ಅಂದ್ಬುಟ್ಟಿದ್ದೆ. ತಪ್ಪಾಯ್ತು."

ಆ ಕಡೆ ಲ್ಯಾಬಿನ ಯಂತ್ರಗಳ ಗುಂಯ್ ಸದ್ದು. ಸ್ವಲ್ಪ ಯೋಚಿಸಿಯೇ ಉತ್ತರ ಕೊಟ್ಟಳು.

"ತಪ್ಪು ಅಂತ ಈಗ್ಲೇ ಎಂಗ್ಲಾ ಯೋಳೀಯೆ? ಇನ್ನೂ ಎರಡು ವರ್ಸ ನೋಡ್ಬೇಕು ಕಣ್ಲಾ."