ವಿಭೂತಿ ಹಚ್ಚಿದ ತೋಳು

ವಿಜ್ಞಾನಕ್ಕಾಗಿ ಮನುಷ್ಯ ತನ್ನ ದೇಹವನ್ನೇ ಅರ್ಪಿಸುವುದಕ್ಕಿಂತ ದೊಡ್ಡ ತ್ಯಾಗ ಇನ್ನೊಂದಿಲ್ಲ. ನಾನು ಅರ್ಪಿಸಿದ್ದು ಕೊತ್ತಂಬರಿ ಕಾಳಿನಷ್ಟು ಚರ್ಮ, ಅದೂ ಇಂಜೆಕ್ಷನ್ ಕೊಟ್ಟು ಜೋಮು ಹಿಡಿಸಿದ ಮೇಲೆ.

ಕೇಳಿದವಳು ಅಕ್ಕನ ಮಗಳು. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ. ಇಲ್ಲಿಯ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಚರ್ಮದೊಳಗೆ ಕಾವಲು ಕಾಯುವ ರೋಗನಿರೋಧಕ ಜೀವಕೋಶಗಳಿವೆಯಂತೆ, ಅವುಗಳೊಳಗೆ ರಾಸಾಯನಿಕಗಳನ್ನು ಗುರುತಿಸುವ ಒಂದು ಗ್ರಾಹಕ, ಅಂದರೆ ರಿಸೆಪ್ಟರ್ ಎಂಬ ಪ್ರೋಟೀನ್. ಹೊಗೆಯ ಅಂಶ ತಾಗಿದರೆ ಆ ಗ್ರಾಹಕ ಜೀವಕೋಶದ ಕೇಂದ್ರಕ್ಕೆ ಹೋಗಿ ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ, ಕೆಲವನ್ನು ಬಂದ್ ಮಾಡುತ್ತದೆ. ಹೋಲಿಸಲು ಹೊಗೆ ಸೋಕದ ಚರ್ಮ ಬೇಕು. ಅಂಥ ಇನ್ನೊಬ್ಬನೇ ಒಬ್ಬ ಸಿಕ್ಕರೆ ಪ್ರಬಂಧ ಮುಗಿಯುತ್ತಿತ್ತು. ಘಾಟ್ಕೋಪರಿನಲ್ಲಿ ನಲವತ್ತು ವರ್ಷ ಇದ್ದೂ ಬೀಡಿ ಮುಟ್ಟದ ನಾನು ತಾನಾಗಿಯೇ ಆಯ್ಕೆಯಾದೆ.

ಚರ್ಮಕ್ಕೆ ಮುಲಾಮು, ಎಣ್ಣೆ, ಕೆಮಿಕಲ್ ಏನಾದರೂ ಹಚ್ಚುತ್ತೀರಾ ಎಂದು ಫಾರ್ಮಿನಲ್ಲಿ ಕೇಳಿದ್ದರು. ಇಲ್ಲ ಎಂದು ಬರೆದು, ದಪ್ಪ ಅಕ್ಷರದಲ್ಲಿ ಸಹಿ ಹಾಕಿದೆ.

ತಿಂಗಳ ಮೇಲೆ ಫೋನ್ ಬಂತು.

"ಮಾಮಾ, ಸಚ್ ಹೇಳ್ರಿ. ಚೋರಿ-ಛುಪೆ, ಅತ್ತಿಗೂ ಗೊತ್ತಾಗದಂಗ, ಬೀಡಿ ಸೇದತೀರೇನು?"

ನನ್ನ ಜೀನ್‌ಗಳು ದಿನವಿಡೀ ಒಲೆಯ ಮುಂದೆ ಕೂತವನ ಜೀನ್‌ಗಳ ಹಾಗೆ ವರ್ತಿಸುತ್ತಿದ್ದವಂತೆ. ನಾನು ಅವಮಾನಿತನಾದೆ. ಅವಳು ರವಿವಾರ ಬೆಳಿಗ್ಗೆ ಮನೆಗೇ ಬಂದಳು. ನಾನು ಸ್ನಾನ ಮುಗಿಸಿ, ಚಿಕ್ಕಂದಿನಿಂದ ಮಾಡಿದಂತೆ ಹಣೆಗೂ ಎರಡೂ ತೋಳಿಗೂ ಮೂರು ಬೆರಳಿಂದ ವಿಭೂತಿ ಎಳೆಯುತ್ತಿದ್ದೆ. ಚರ್ಮ ತೆಗೆದ ಗುರುತು ನಡುವಿನ ಗೆರೆಯ ಕೆಳಗೇ ಇತ್ತು. ಅವಳು ಅಲ್ಲೇ ಕುರ್ಚಿಗೆ ಒರಗಿ ಕೂತಳು.

"ಇದನ್ಯಾಕ ಫಾರ್ಮಿನ್ಯಾಗ ಬರೀಲಿಲ್ಲ, ಮಾಮಾ?"

ಚಹಾ ತಂದಿಟ್ಟ ನನ್ನ ಹೆಂಡತಿ ನನ್ನ ಪರವಾಗಿ ಉತ್ತರ ಕೊಟ್ಟಳು: "ವಿಭೂತಿಗೆ ಯಾರಾದ್ರೂ ಕೆಮಿಕಲ್ ಅಂತಾರೇನ, ಹುಚ್ಚಿ?"

ಅದು ಸಗಣಿ ಸುಟ್ಟ ಬೂದಿ, ಅದರಲ್ಲಿ ಹೊಗೆಯ ಅಂಶ ಉಳಿದಿರಬಹುದು, ಉಳಿಯದೆಯೂ ಇರಬಹುದು ಎಂದಳು ಅಕ್ಕನ ಮಗಳು. ಅದೇ ಕಾರಣ ಎಂದು ಹೇಳಲಾರಳಂತೆ, ಅಲ್ಲ ಎಂದೂ ಹೇಳಲಾರಳಂತೆ. ಆದರೆ ನನ್ನನ್ನು ಅಧ್ಯಯನದಿಂದ ಹೊರಗಿಡಲು ಅಷ್ಟು ಅನುಮಾನ ಸಾಕು. ಬೆನ್ನಿಗೆ ವಿಭೂತಿ ಹಚ್ಚಿಲ್ಲ, ಅಲ್ಲಿಂದ ತೆಗೆದುಕೋ ಎಂದೆ. ಒಮ್ಮೆ ತಪ್ಪು ಬರೆದವರನ್ನು ಮತ್ತೆ ಸೇರಿಸಿಕೊಳ್ಳುವ ನಿಯಮವಿರಲಿಲ್ಲ.

ನನ್ನ ತುಣುಕನ್ನು ಕೈಬಿಟ್ಟರು. ಇನ್ನೊಬ್ಬರು ಸಿಗಲು ಐದು ತಿಂಗಳು ಹಿಡಿಯಿತು, ಅವಳ ಪ್ರಬಂಧ ಅಷ್ಟೇ ತಡವಾಗಿ ಸಲ್ಲಿಕೆಯಾಯಿತು.