ಎದುರುಮನೆ ಅಕ್ಕನ ಸಹಿ

ಎದುರುಮನೆ ಅಕ್ಕನ ಕರಿಮಣಿ ಸರದಲ್ಲಿ ತಾಳಿಯ ಪಕ್ಕ ಪುಟ್ಟ ಪೆನ್‌ಡ್ರೈವ್ ಒಂದು ತೂಗುತ್ತಿತ್ತು. ದೋಸೆ ಹೊಯ್ಯಲು ಬಗ್ಗಿದರೆ ತಾಳಿಗೆ ತಾಗಿ ಟಕಟಕ ಎನ್ನುತ್ತಿತ್ತು. ಅದರಲ್ಲಿದ್ದದ್ದು ಅವರ ಗುಟ್ಟಿನ ಡಿಜಿಟಲ್ ಕೀಲಿ.

ಉಡುಪಿ ಕಡೆಯವರು, ಬೇಲಾಪುರದ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಂಡು ನಿವೃತ್ತರಾದವರು. ಮುಂಬೈ ಹೊರವಲಯದ ಡೊಂಬಿವಲಿ, ಕಲ್ಯಾಣದ ನಮ್ಮ ಕನ್ನಡದವರಿಗೆ, ನಡುವೆ ಯಾವ ಕಂಪನಿಯೂ ಇಲ್ಲದೆ ಫೋನಿಂದ ಫೋನಿಗೆ ನೇರ ಬರೆದುಕೊಳ್ಳುವ ಜಾಲವೊಂದನ್ನು ಕಟ್ಟಿಕೊಟ್ಟಿದ್ದರು. ಅಲ್ಲಿ ಒಬ್ಬೊಬ್ಬರಿಗೂ ಒಂದು ಡಿಜಿಟಲ್ ಕೀಲಿ; ಅದರಿಂದ ಬರೆದದ್ದಕ್ಕೆಲ್ಲ ಅವರದೇ ಸಹಿ ಬೀಳುತ್ತದೆ. ಒಳಗೆ ಬರುವವರು ತಮ್ಮ ಕೀಲಿಯ ಗುರುತಿನ ಅಂಕಿಗಳನ್ನು ಸದಸ್ಯರೊಬ್ಬರ ಎದುರು ನಿಂತು ಗಟ್ಟಿಯಾಗಿ ಓದಬೇಕು. ಆ ಸದಸ್ಯರು ನಂಬಿ, ತಮ್ಮ ಕೀಲಿಯಿಂದ ಅದಕ್ಕೆ ಸಹಿ ಹಾಕಬೇಕು. ಒಂದು ಸಹಿಯೂ ಇಲ್ಲದವರು ಹೊರಗೆ.

"ಫೋನಲ್ಲಿ ಓದಿದ್ರೆ ಆಗುದಿಲ್ಲ ಮಾರಾಯ್ತಿ, ಮುಖ ಕಾಣ್ಬೇಕು" ಎನ್ನುತ್ತಿದ್ದರು ಅಕ್ಕ.

ನಮ್ಮ ಬಿಲ್ಡಿಂಗಿನಲ್ಲಿ ಊರಿಗೆ ಹೋಗುವಾಗ ಮನೆಯ ಕೀಲಿಯನ್ನು ಪಕ್ಕದವರಿಗೆ ಕೊಡುವುದು ವಾಡಿಕೆ. ಅದೇ ಧಾಟಿಯಲ್ಲಿ ನನ್ನ ಡಿಜಿಟಲ್ ಕೀಲಿಯ ಪ್ರತಿಯನ್ನೂ ಮೇಲಿನ ಮನೆಯವನ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೆ. ಆ ಲಫಂಗ ಫ್ಲಾಟ್ ದಲ್ಲಾಳಿ. ಜಾಲದಲ್ಲಿ ವ್ಯಾಪಾರ ಬೇಡವೆಂದು ಅಕ್ಕ ಗದರಿದ್ದಕ್ಕೆ, "ಅಕ್ಕ ಎಲ್ಲರ ಮಾತನ್ನೂ ಕದ್ದು ಓದುತ್ತಾರೆ" ಎಂದು ನನ್ನ ಕೀಲಿಯಿಂದ, ನನ್ನ ಹೆಸರಲ್ಲಿ ಬರೆದ. ಸಹಿ ನನ್ನದೇ, ನನ್ನ ಮಾತನ್ನು ಯಾರು ನಂಬುತ್ತಾರೆ? ವಿಠ್ಠಲವಾಡಿಯ ಗೆಳತಿ ಫೋನನ್ನೇ ಎತ್ತಲಿಲ್ಲ.

ಅಕ್ಕ ಬಾಗಿಲು ತಟ್ಟಿದರು. "ನೀನು ಬರ್ದದ್ದಾ?"

"ಇಲ್ಲ ಅಕ್ಕಾ. ಕೀಲಿಯ ಪ್ರತಿ ಮೇಲಿನ ಮನೆಯವನ ಹತ್ರ ಇತ್ತು."

"ಹಾಗಾದ್ರೆ ಸೀರೆ ಉಡು, ಹೋಗುವ."

ನನ್ನ ಹಳೆಯ ಕೀಲಿ ರದ್ದು ಮಾಡಿಸಿ, ಹೊಸದು ಮಾಡಿಸಿ, ಲೋಕಲ್‌ನಲ್ಲಿ ಮನೆಮನೆಗೆ ಕರೆದೊಯ್ದರು. ಮಂಡಿನೋವಿನಲ್ಲೂ ಸ್ಟೇಷನ್ನಿನ ಸೇತುವೆ ಹತ್ತಿಳಿದು, ಪ್ರತಿ ಮನೆಯಲ್ಲೂ ನನ್ನ ಪರವಾಗಿ ಮಾತಾಡಿದರು. ಹೋದ ಮಾನ ಹಾಗೆ ವಾಪಸು ಬಂತು. ಎಲ್ಲರೂ ಅವನಿಗೆ ಹಾಕಿದ್ದ ಸಹಿ ಹಿಂತೆಗೆದರು, ಅಕ್ಕನೊಬ್ಬರನ್ನು ಬಿಟ್ಟು. ಅವನು ಅವರ ಹತ್ತಿರ ಅಳುತ್ತಾ ಬಂದು ತಪ್ಪೊಪ್ಪಿಕೊಂಡಿದ್ದನಂತೆ. "ಒಬ್ಬರಾದ್ರೂ ನಂಬುದು ಬೇಡ್ವಾ?" ಎಂದರು. ನನಗೆ ಮೈಯೆಲ್ಲ ಉರಿಯಿತು.

ಥಾಣೆ ನಗರದ ಆಸ್ಪತ್ರೆಯಲ್ಲಿ, ಕೊನೆಯ ದಿನಗಳಲ್ಲಿ, ಅಕ್ಕ ಪೆನ್‌ಡ್ರೈವ್ ಬಿಚ್ಚಿ ನನ್ನ ಕೈಗಿಟ್ಟರು. "ನಾನು ಹೋದ್ಮೇಲೆ ನನ್ನ ಕೀಲಿ ರದ್ದು ಮಾಡು. ಸತ್ತವರ ಸಹಿ ಉಳೀಬಾರ್ದು."

ಅಕ್ಕ ತೀರಿಕೊಂಡ ಮೇಲೆ ಹದಿಮೂರನೇ ದಿನದವರೆಗೂ ನಾನು ಕಾಯಲಿಲ್ಲ. ಅಳುತ್ತಲೇ ರದ್ದು ಮಾಡಿದೆ. ಮೇಲಿನ ಮನೆಯವನಿಗೆ ಉಳಿದಿದ್ದ ಕೊನೆಯ ಸಹಿಯೂ ಅದರೊಂದಿಗೆ ಹೋಯಿತೆಂದು ನೆನೆದು, ದೇವರಾಣೆ, ಸಂತೋಷವಾಯಿತು.

ಮರುದಿನವೇ ಅವನು ಬಾಗಿಲಲ್ಲಿ ನಿಂತ. "ಅಕ್ಕ ನನ್ನ ಕ್ಷಮಿಸಿದ್ರು. ನೀವೂ ಒಂದು ಸಹಿ ಹಾಕಿ."

"ಓದು" ಎಂದೆ.

ಅಷ್ಟೂ ಅಂಕಿಗಳನ್ನು ಓದಿದ. ಅವನ ಮುಖವನ್ನೇ ನೋಡುತ್ತಾ ಕೊನೆಯವರೆಗೂ ಕೇಳಿಸಿಕೊಂಡೆ.

"ನೀನೇ ಅಂತ ಖಾತ್ರಿ ಆಯ್ತು. ಅದಕ್ಕೇ ಹಾಕಲ್ಲ" ಎಂದು ಬಾಗಿಲು ಹಾಕಿದೆ.