ಬೆಣ್ಣೆ ತಿಂದವಳು

ಕಬ್ಬೂರಿನ ನಮ್ಮ ಮನೆಯಲ್ಲಿ ಎರಡು ಎಮ್ಮೆ ಹಾಲು ಕೊಡುತ್ತಿದ್ದವು. ಕಡೆದ ಬೆಣ್ಣೆಯೆಲ್ಲ ಮೈದುನನ ಹೊಟ್ಟೆಗೆ. ಅವನು ತಾಲೀಮಿನಲ್ಲಿ ಕುಸ್ತಿ ಹಿಡಿಯುವ ಪೈಲ್ವಾನ. ಎಂಬತ್ತರ ದಶಕದ ಮೊದಲಲ್ಲಿ ನಾನು ಚೊಚ್ಚಲ ಬಸುರಿಯಾದಾಗ ನನ್ನ ತಾಟಿಗೆ ಬಿದ್ದದ್ದು ಒಣ ರೊಟ್ಟಿ, ಖಾರ, ನೀರು ಮಜ್ಜಿಗೆ. ಬೆಣ್ಣೆಯ ಗಡಿಗೆಯತ್ತ ನೋಡಿದರೆ ಸಾಕು, ಅತ್ತೆ ಅನ್ನುತ್ತಿದ್ದಳು: “ಜಿಡ್ಡು ತಿಂದ್ರ ಕೂಸು ದಪ್ಪ ಆಗ್ತೈತಿ. ಹೊರಗ ಬರಂಗಿಲ್ಲ. ನೀನೂ ಹೋಗ್ತಿ, ಅದೂ ಹೋಗ್ತೈತಿ.” ಅವಳ ಮನಸ್ಸಿನಲ್ಲಿ ಕೇಡಿರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು. ಕೆಟ್ಟವಳಾಗಿದ್ದರೆ ಬಾಯಿ ತುಂಬ ಜಗಳವಾದರೂ ಆಡಬಹುದಿತ್ತು.

ಮಗಳು ಹುಟ್ಟಿದಳು, ಬೊಗಸೆಯಷ್ಟು. ಹೆರಿಗೆ ಸಲೀಸಾಗಿ ಆಯಿತು, ಅತ್ತೆಯ ಮಾತು ಗೆದ್ದಿತು. ಆದರೆ ಕೂಸಿನ ಹಾಲುಹಲ್ಲುಗಳು ಮೂಡುವಾಗಲೇ ಹಳದಿ, ಮೇಲೆಲ್ಲ ಗುಳಿ. ಬರಬರುತ್ತ ಹಳೇ ಗೋಡೆಯ ಸುಣ್ಣದ ಹಾಗೆ ಉದುರತೊಡಗಿದವು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೂ ಕೆನ್ನೆ ಹಿಡಿದುಕೊಂಡು ಅಳುತ್ತಿದ್ದಳು. ಓಣಿಯ ಮಕ್ಕಳು ಬೊಚ್ಚಿ ಎಂದು ಕಾಡಿದ್ದಕ್ಕೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತಳು.

ನಿಪ್ಪಾಣಿಯ ಹಲ್ಲಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಮಗಳ ಬಾಯಿ ನೋಡಿ ನನ್ನನ್ನು ಕೇಳಿದರು: “ಬಸುರಿದ್ದಾಗ ಏನ್ ತಿಂತಿದ್ರಿ?” ಹೇಳಿದೆ. ಹಾಲುಹಲ್ಲು ಗಟ್ಟಿಯಾಗುವುದು ತಾಯಿಯ ಹೊಟ್ಟೆಯಲ್ಲೇ ಶುರುವಾಗುತ್ತದೆ, ಹಲ್ಲಿಗೆ ಸುಣ್ಣದಂಶ ಹಿಡಿಸುವ ಜೀವಸತ್ವ ಮೈಗೆ ಹತ್ತಬೇಕಾದರೆ ಊಟದಲ್ಲಿ ಜಿಡ್ಡು ಇರಬೇಕು ಎಂದರು. “ಅದೊಂದ ಕಾರಣ ಅಂತ ಹೇಳಾಕ ಬರಂಗಿಲ್ರಿ. ಆದ್ರ ಮುಂದಿನ ಸಲ ಹಾಲು, ಬೆಣ್ಣಿ ಬಿಡಬ್ಯಾಡ್ರಿ.” ಎರಡು ಹಲ್ಲು ಕಿತ್ತರು. ಬಸ್ಸಿನಲ್ಲಿ ಅರಳೆ ಕಚ್ಚಿಕೊಂಡು ಕೂತ ಮಗಳನ್ನು ನೋಡುತ್ತ ಮನಸ್ಸು ಗಟ್ಟಿ ಮಾಡಿಕೊಂಡೆ. ಇನ್ನೊಂದು ಕೂಸಿಗೆ ಈ ಗತಿ ಬರಬಾರದು.

ಮರುವರ್ಷ ಮತ್ತೆ ಬಸುರಾದೆ. ಗಡಿಗೆಯಿಂದ ಬೆಣ್ಣೆ ತೆಗೆದು, ಅತ್ತೆಯ ಎದುರಿಗೇ ರೊಟ್ಟಿಗೆ ಸವರಿಕೊಂಡು ತಿಂದೆ. ಕದ್ದು ತಿನ್ನುವ ಬುದ್ಧಿ ನನ್ನದಲ್ಲ.

“ಪೈಲ್ವಾನನ ಬೆಣ್ಣಿ ಬೇ ಅದು” ಎಂದಳು ಅತ್ತೆ.

“ಅವಗ ಹಲ್ಲು ಬಂದು ಭಾಳ ದಿನಾ ಆತು” ಎಂದೆ.

ಮೈದುನ ತಲೆ ತಗ್ಗಿಸಿ ಉಂಡ. ಗಂಡ ಕೈ ತೊಳೆದುಕೊಂಡು ಹೊರಗೆ ನಡೆದ. ಅತ್ತೆ ಮಾತ್ರ ದಿನಾ ನನ್ನ ಹೊಟ್ಟೆ ನೋಡಿ ದೇವರ ಜಗಲಿಗೆ ಕೈ ಮುಗಿಯುತ್ತಿದ್ದಳು.

ಹೆರಿಗೆ ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಆಯಿತು. ಗಂಡು ಕೂಸು, ತುಂಬಿದ ಮೈ. ಉಸಿರಿರಲಿಲ್ಲ. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಬಿಗಿದಿತ್ತು, ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಅತ್ತೆಗೆ ಬಿಡಿಸಿ ಹೇಳಿದರು. ಅತ್ತೆ ಎಲ್ಲ ಕೇಳಿಸಿಕೊಂಡು, ಕಣ್ಣೊರೆಸಿಕೊಳ್ಳುತ್ತ, “ಎಷ್ಟ ದಪ್ಪ ಇತ್ತ ನೋಡ್ರಿ” ಎಂದಳು. ಬಳ್ಳಿಯ ಮಾತು ಆಸ್ಪತ್ರೆಯಲ್ಲೇ ಉಳಿಯಿತು. ಬೆಣ್ಣೆಯ ಮಾತು ನಮಗಿಂತ ಮೊದಲೇ ಊರು ಮುಟ್ಟಿತ್ತು. ನಮ್ಮ ಓಣಿಯ ಬಸುರಿಯರ ತಾಟಿನಲ್ಲಿದ್ದ ಚೂರುಪಾರು ತುಪ್ಪವನ್ನೂ ನನ್ನ ಹೆಸರು ಹೇಳಿಯೇ ತೆಗೆದರು. ಸತ್ತ ಕೂಸಿಗಾಗಿ ಅಳುವುದೋ ಇದಕ್ಕಾಗಿ ಅಳುವುದೋ ನನಗೆ ತಿಳಿಯಲಿಲ್ಲ.

ಪಕ್ಕದ ಮನೆಯ ಸೊಸೆ, ಅಂಕಲಿಯಿಂದ ಬಂದ ಹುಡುಗಿ, ಆಗ ನಾಲ್ಕೈದು ತಿಂಗಳ ಬಸುರಿ. ಹಿತ್ತಲಿಗೆ ಕರೆದು ಬೆಣ್ಣೆ ಸವರಿದ ರೊಟ್ಟಿಯನ್ನು ಅವಳ ಕೈಗಿಟ್ಟೆ. ಅವಳು ಅನುಮಾನಿಸಿದಳು. ಆಟವಾಡುತ್ತಿದ್ದ ಮಗಳನ್ನು ಎಳೆದು ತಂದು, ಬಾಯಿ ತೆರೆಸಿ, ಹಲ್ಲಿನ ಡಾಕ್ಟರು ಹೇಳಿದ್ದೆಲ್ಲ ಹೇಳಿದೆ.

“ನೋಡವಾ, ಒಣ ರೊಟ್ಟಿ ತಿಂದ ಹೊಟ್ಟ್ಯಾಗ ಆದ ಹಲ್ಲು ಇವು.”

ಹುಡುಗಿ ಆ ಮುರುಕು ಹಲ್ಲುಗಳನ್ನು ಬಹಳ ಹೊತ್ತು ನೋಡಿದಳು. ಮಗಳ ಗದ್ದ ಸವರಿದಳು. ಆಮೇಲೆ ರೊಟ್ಟಿ ಮಡಚಿ ನನ್ನ ಕೈಗೇ ವಾಪಸ್ ಕೊಟ್ಟಳು.

“ಈಕಿ ಜೀವಂತ ಅದಾಳಲ್ರಿ, ಅಕ್ಕಾ” ಎಂದಳು.